ತಾರಸಿಯ ತಲೆಯ ಮೇಲಿನ ಭಾರ

ಮನೆ ಕಟ್ಟುವವರು ಪಾಯಕ್ಕೆ ಮುಹೂರ್ತವನ್ನು ಕೇಳುತ್ತಾರೆ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ನಾಲ್ವರನ್ನು ವಿಚಾರಿಸುತ್ತಾರೆ. ಆದರೆ ತಾರಸಿಯ ಮೇಲೆ ನೀರಿನ ತೊಟ್ಟಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬಂದಾಗ, ಅದರ ತೀರ್ಮಾನವನ್ನು ನಲ್ಲಿಯ ಕೆಲಸದವನಿಗೆ ಬಿಟ್ಟುಬಿಡುತ್ತಾರೆ. ಅವನಾದರೋ ಎಲ್ಲಿ ಕೊಳವೆ ಕಡಿಮೆ ಹಿಡಿಯುವುದೋ ಅಲ್ಲಿ ತೊಟ್ಟಿಯನ್ನು ಕೂರಿಸಿ ಹೊರಟುಹೋಗುತ್ತಾನೆ. ಈ ಪದ್ಧತಿ ತಪ್ಪೆಂದೂ, ಇದನ್ನು ಬದಲಾಯಿಸುವುದು ಮನೆಯ ಯಜಮಾನನ ಕೈಯಲ್ಲಿಯೇ ಇದೆಯೆಂದೂ ನಾವು ಭಾವಿಸುತ್ತೇವೆ.

ಮೊದಲು ತೂಕವನ್ನು ನೋಡೋಣ. ಒಂದು ಲೀಟರು ನೀರು ಒಂದು ಕಿಲೊಗ್ರಾಂ ತೂಗುವುದೆಂದು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತೇವೆ. ಆದರೂ ಇಬ್ಬರು ಆಳುಗಳು ಸುಲಭವಾಗಿ ಎತ್ತಿ ತಂದ ಸಾವಿರ ಲೀಟರಿನ ಕಪ್ಪು ಪ್ಲಾಸ್ಟಿಕ್ ತೊಟ್ಟಿಯು, ತುಂಬಿದ ಮೇಲೆ ಒಂದು ಟನ್ ತೂಗುವುದೆಂಬುದು ನಮ್ಮ ಮನಸ್ಸಿಗೆ ತಟ್ಟುವುದಿಲ್ಲ. ಆ ತೊಟ್ಟಿಯ ತಳ ಸುಮಾರು ಒಂದು ಚದರ ಮೀಟರು. ಜನರು ಓಡಾಡುವ ಚಪ್ಪಟೆ ಮಾಳಿಗೆಗೆ ಭಾರತೀಯ ಮಾನಕ 875 ವಿಧಿಸುವ ಹೊರೆ ಚದರ ಮೀಟರಿಗೆ 1.5 ಕಿಲೊನ್ಯೂಟನ್, ಅಂದರೆ ಸುಮಾರು 150 ಕಿಲೊಗ್ರಾಂ. ಅಂದಮೇಲೆ ತೊಟ್ಟಿ ಕುಳಿತ ಜಾಗದಲ್ಲಿ ಬೀಳುವ ಭಾರ ಲೆಕ್ಕದಲ್ಲಿ ಹಿಡಿದಿದ್ದಕ್ಕಿಂತ ಆರೇಳು ಪಟ್ಟು ಹೆಚ್ಚು!

ಹಾಗಾದರೆ ನಮ್ಮ ಮಾಳಿಗೆಗಳು ಏಕೆ ಕುಸಿಯುತ್ತಿಲ್ಲವೆಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಒಂದೆಡೆ ಬಿದ್ದ ಭಾರವನ್ನು ಸುತ್ತಲಿನ ಕಾಂಕ್ರೀಟು ಹಂಚಿಕೊಳ್ಳುತ್ತದೆ. ತಾರಸಿಯ ಉಳಿದ ಭಾಗ ಸಾಮಾನ್ಯವಾಗಿ ಖಾಲಿಯಿರುತ್ತದೆ. ವಿನ್ಯಾಸ ಮಾಡಿದವನು ಒಂದಿಷ್ಟು ಹೆಚ್ಚಿನ ಬಲವನ್ನು ಇಟ್ಟಿರುತ್ತಾನೆ. ಆ ಹೆಚ್ಚಿನ ಬಲವಿರುವುದು ಸಿಮೆಂಟಿನಲ್ಲಿ ಆಗಿಹೋದ ಮೋಸಕ್ಕೆ, ಕಾಣದೆ ಉಳಿದ ತಪ್ಪಿಗೆ. ಅದನ್ನು ತೊಟ್ಟಿಗಾಗಿ ಮೊದಲೇ ಖರ್ಚು ಮಾಡಿ ಕೂರುವುದು ಜಾಣತನವಲ್ಲ.

ಬಲವರ್ಧಿತ ಕಾಂಕ್ರೀಟು ಎರಡು ವಸ್ತುಗಳ ಕೂಡಾವಳಿ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಸೆಳೆತವನ್ನು ತಡೆಯುವ ಅದರ ಶಕ್ತಿ ಹತ್ತರಲ್ಲೊಂದು ಪಾಲು ಮಾತ್ರ. ಆದುದರಿಂದ ಸೆಳೆತ ಬೀಳುವಲ್ಲಿ ಉಕ್ಕಿನ ಸರಳುಗಳನ್ನು ಹೂಳುತ್ತಾರೆ. ಎರಡು ಗೋಡೆಗಳ ಮೇಲೆ ಆನಿಸಿದ ಮಾಳಿಗೆ ನಡುವೆ ಕೆಳಕ್ಕೆ ಬಾಗುವುದರಿಂದ ಅಲ್ಲಿ ಸರಳುಗಳು ಅಡಿಯಲ್ಲಿರಬೇಕು. ಗೋಡೆಯಿಂದ ಹೊರಚಾಚಿದ ಬಾಲ್ಕನಿಯಲ್ಲಿಯೂ ಸಜ್ಜೆಯಲ್ಲಿಯೂ ಸೆಳೆತ ಮೇಲ್ಭಾಗಕ್ಕೆ ಬರುವುದರಿಂದ ಸರಳುಗಳು ಮೇಲಿರಬೇಕು. ಕಾಂಕ್ರೀಟು ಸುರಿಯುವಾಗ ಆಳುಗಳು ಈ ಮೇಲಿನ ಸರಳುಗಳನ್ನು ಕಾಲಿನಿಂದ ತುಳಿದು ಕೆಳಕ್ಕಿಳಿಸಿರುವ ಸಂಭವ ಇದ್ದೇ ಇದೆ. ಸಜ್ಜೆಯ ಮೇಲೆ ತೊಟ್ಟಿಯನ್ನು ಇಡಕೂಡದು. ಇದರಲ್ಲಿ ಚೌಕಾಶಿಗೆ ಎಡೆಯಿಲ್ಲ.

ಎಡೆಯೂ ಮುಖ್ಯ. ಎರಡು ತುದಿಗಳಲ್ಲಿ ಆನಿಸಿದ ತೊಲೆಯ ಉದ್ದಕ್ಕೂ ಹರಡಿದ ಭಾರವನ್ನೇ ಒಟ್ಟುಗೂಡಿಸಿ ನಟ್ಟನಡುವೆ ಇಟ್ಟರೆ, ಅಲ್ಲಿನ ಬಾಗಿಸುವ ಬಲ ಇಮ್ಮಡಿಯಾಗುತ್ತದೆ. ಅದೇ ಭಾರವನ್ನು ಗೋಡೆಯ ನೆತ್ತಿಗೆ ಸರಿಸಿದರೆ ತೊಲೆ ಬಹುಮಟ್ಟಿಗೆ ನಿಶ್ಚಿಂತವಾಗುತ್ತದೆ. ತೊಟ್ಟಿ ನೈರುತ್ಯ ಮೂಲೆಯಲ್ಲಿರಬೇಕೆಂದು ವಾಸ್ತುವಿನವರು ಹೇಳುತ್ತಾರೆ. ದಿಕ್ಕಿನ ಮಾತು ಹೇಗಾದರೂ ಇರಲಿ, ಮೂಲೆಯಲ್ಲಿ ಎರಡು ಗೋಡೆಗಳು ಕೂಡುತ್ತವೆ. ಅಷ್ಟರ ಮಟ್ಟಿಗೆ ಅವರ ಸಲಹೆ ನಮಗೂ ಒಪ್ಪಿಗೆ!

ಅಜಾಗರೂಕತೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ದಕ್ಷಿಣ ಕೊರಿಯದ ಸಿಯೋಲ್ ನಗರದ ಸಾಂಪುಂಗ್ ಮಳಿಗೆಯ ಕಥೆ ಸಾಕು. ಐದಂತಸ್ತಿನ ಆ ಕಟ್ಟಡದಲ್ಲಿ ತೊಲೆಗಳಿರಲಿಲ್ಲ. ಕಂಬಗಳ ಮೇಲೆ ನೇರವಾಗಿ ಕಾಂಕ್ರೀಟಿನ ಹಾಸನ್ನು ಹಾಕಿದ್ದರು. ಕಂಬಗಳು ನಕ್ಷೆಯಲ್ಲಿದ್ದುದಕ್ಕಿಂತ ತೆಳುವಾಗಿದ್ದವು. ಐದನೆಯ ಅಂತಸ್ತು ಆಮೇಲೆ ಸೇರಿಸಿದ್ದು. ಮಾಳಿಗೆಯ ಮೇಲಿದ್ದ ಹವಾನಿಯಂತ್ರಣದ ಭಾರಿ ಯಂತ್ರಗಳ ಸದ್ದಿನ ಬಗ್ಗೆ ನೆರೆಯವರು ದೂರಿತ್ತಾಗ, 1993ರಲ್ಲಿ ಅವುಗಳನ್ನು ಕ್ರೇನಿನಿಂದ ಎತ್ತದೆ, ಉರುಳೆಗಳ ಮೇಲೆ ಮಾಳಿಗೆಯುದ್ದಕ್ಕೂ ಎಳೆದು ಇನ್ನೊಂದು ಬದಿಗೆ ಒಯ್ದರು. ಹಾಸು ಬಿರುಕುಬಿಟ್ಟಿತು. ಯಂತ್ರಗಳ ಅದುರುವಿಕೆಯಿಂದ ಬಿರುಕುಗಳು ಹಿಗ್ಗಿದವು. 1995ನೆಯ ಜೂನ್ 29ರಂದು ಮೇಲಂತಸ್ತಿನ ಬಿರುಕುಗಳನ್ನು ಆಡಳಿತದವರು ಕಂಡಿದ್ದರು. ಯಂತ್ರಗಳನ್ನು ನಿಲ್ಲಿಸಿದರೇ ಹೊರತು ಮಳಿಗೆಯನ್ನು ಮುಚ್ಚಲಿಲ್ಲ. ಸಂಜೆ ಕಂಬಗಳು ಹಾಸನ್ನು ತೂತುಮಾಡಿಕೊಂಡು ಹೊರಬಂದವು. ಸತ್ತವರು 502 ಜನ.

ನಮ್ಮ ಮನೆಗಳಲ್ಲಿ ಕೇಡು ಇಷ್ಟು ಆರ್ಭಟದಿಂದ ಬರುವುದಿಲ್ಲ. ಸದಾ ಹೊರೆ ಹೊತ್ತ ಕಾಂಕ್ರೀಟು ವರ್ಷಗಳು ಕಳೆದಂತೆ ಮೆಲ್ಲಮೆಲ್ಲನೆ ಬಾಗುತ್ತ ಹೋಗುತ್ತದೆ. ಮೊದಲ ದಿನದ ಬಾಗು ಕಾಲಾಂತರದಲ್ಲಿ ಎರಡು ಮೂರರಷ್ಟಾಗುವುದುಂಟು. ಬಾಗಿದಲ್ಲಿ ಕೂದಲೆಳೆಯ ಬಿರುಕು, ಬಿರುಕಿನಲ್ಲಿ ತೊಟ್ಟಿಯಿಂದ ಸೋರಿದ ನೀರು, ನೀರು ಮುಟ್ಟಿದ ಉಕ್ಕಿಗೆ ತುಕ್ಕು. ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಜಾಗವನ್ನು ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಕೋಣೆಯ ಸೂರಿನಿಂದ ಗಾರೆ ಉದುರತೊಡಗಿದಾಗ ಸುಣ್ಣ ಬಳಿದು ಸುಮ್ಮನಾಗುವವರೇ ಹೆಚ್ಚು.

ಮಾಡಬೇಕಾದುದು ಕಷ್ಟವಾದುದೇನಲ್ಲ. ಕೆಳಗಿನ ಗೋಡೆಗಳ ಅಥವಾ ತೊಲೆಗಳ ನೇರಕ್ಕೆ ಮೇಲೆ ಇಟ್ಟಿಗೆಯ ಗಿಡ್ಡ ಗೋಡೆಗಳನ್ನೆಬ್ಬಿಸಿ, ಅವುಗಳ ಮೇಲೆ ಕಾಂಕ್ರೀಟಿನ ಹಲಗೆಯನ್ನು ಹಾಸಿ, ತೊಟ್ಟಿಯನ್ನು ಕೂರಿಸಬೇಕು. ಹಲಗೆ ಸಮತಟ್ಟಾಗಿದ್ದು ತೊಟ್ಟಿಯ ತಳವೆಲ್ಲ ಅದರ ಮೇಲೆ ಊರಿರಬೇಕು. ಬರಿಯ ಎರಡು ಕಂಬಿಗಳ ಮೇಲೆ ಕುಳಿತ ಪ್ಲಾಸ್ಟಿಕ್ ತಳ ಬಿಸಿಲಿಗೆ ಮೆತ್ತಗಾಗಿ ಜೋತುಬೀಳುತ್ತದೆ. ಮರದ ಜಂತೆಗಳ ಮೇಲೆ ಇಟ್ಟಿಗೆ ಹಾಸಿ ಮಾಡಿದ ಹಳೆಯ ಮದ್ರಾಸು ತಾರಸಿಯಾದರೆ ಗೋಡೆಯ ನೆತ್ತಿಯ ಹೊರತು ಬೇರೆಲ್ಲಿಯೂ ಭಾರವನ್ನು ಹೇರಬಾರದು.

ಬಿಸಿಲಿನಿಂದ ನೀರು ಕಾಯಿಸುವ ಯಂತ್ರದ ತೊಂದರೆ ಬೇರೆ. ಅದರ ತೂಕ ನಾಲ್ಕು ಸಣ್ಣ ಕಾಲುಗಳ ಮೇಲೆ ನಿಲ್ಲುತ್ತದೆ; ಕಾಲುಗಳಡಿಯಲ್ಲಿ ಅಗಲವಾದ ಕಾಂಕ್ರೀಟು ಪೀಠಗಳು ಬೇಕು. ಗಾಳಿಯೂ ಅದನ್ನು ಎತ್ತಲು ನೋಡುತ್ತದೆ. ಮಾನಕದಲ್ಲಿ ಬೆಂಗಳೂರಿಗೆ ಗೊತ್ತುಮಾಡಿದ ಮೂಲ ವೇಗ ಸೆಕೆಂಡಿಗೆ 33 ಮೀಟರು. ಅಂಥ ಗಾಳಿ ಎದುರಿಗೆ ಸಿಕ್ಕ ಪ್ರತಿ ಚದರ ಮೀಟರಿನ ಮೇಲೂ ಸುಮಾರು 65 ಕಿಲೊಗ್ರಾಂ ತೂಕದಷ್ಟು ಬಲದಿಂದ ಒತ್ತುತ್ತದೆ. ಬಿಗಿಯಲೆಂದು ತಾರಸಿಯನ್ನೇ ಕೊರೆದರೆ ಮಳೆಗೆ ದಾರಿ ತೋರಿಸಿದಂತಾಗುತ್ತದೆ. ಬೋಲ್ಟುಗಳನ್ನು ಪೀಠದಲ್ಲಿಯೇ ಹೂಳಬೇಕು, ಪೀಠಕ್ಕೆ ಸಾಕಷ್ಟು ತೂಕವೂ ಇರಬೇಕು.

ಮನೆಯ ನಕ್ಷೆಯಲ್ಲಿ ತೊಟ್ಟಿಯ ಸ್ಥಳವನ್ನೂ ಅದರ ತುಂಬಿದ ತೂಕವನ್ನೂ ಬರೆದಿರಬೇಕೆಂಬುದು ನಮ್ಮ ಒತ್ತಾಯ. 2024ರ ಬೇಸಗೆಯಲ್ಲಿ ಬೆಂಗಳೂರು ಕಂಡಂಥ ನೀರಿನ ಬರ ಬಂದಾಗಲೆಲ್ಲ ಇನ್ನೊಂದು ತೊಟ್ಟಿ ಇರಲೆಂದು ಯಾರಿಗಾದರೂ ತೋರುವುದು ಸಹಜ. ಆ ಎರಡನೆಯ ತೊಟ್ಟಿಯನ್ನು ನೆಲದಡಿಯಲ್ಲಿ ಕಟ್ಟಿಸುವುದೇ ಮೇಲು. ನಕ್ಷೆ ಕಳೆದುಹೋದ ಮನೆಯಾದರೆ ಯಜಮಾನನು ಒಮ್ಮೆ ಕೋಣೆಗಳೊಳಗೆ ಹೋಗಿ ಗೋಡೆಗಳ ಅಳತೆಯನ್ನು ಹಿಡಿದು, ಅದನ್ನೇ ತಾರಸಿಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಆಮೇಲೆ ನಲ್ಲಿಯ ಕೆಲಸದವನನ್ನು ಕರೆಯಲಿ.