ಬಿಳಿಚಿದ ಆಕಾಶವೇ ಸತ್ಯವಂತೆ!

ಮುಂಗಾರು ಇಳಿಯಿತೆಂದರೆ ಮುಳ್ಳಯ್ಯನಗಿರಿಯಿಂದ ಹಂಪಿಯವರೆಗೆ ಮೋಡದ ಫೋಟೊಗಳ ಸುಗ್ಗಿ. ಅದರ ಬೆನ್ನಿಗೇ ಆರೋಪಗಳ ಸುಗ್ಗಿ. ಕಂಪ್ಯೂಟರಿನಲ್ಲಿ ಆಕಾಶವನ್ನು ಗಾಢಗೊಳಿಸಿದವನು ಮೋಸಗಾರ, ಕ್ಯಾಮೆರಾ ಕೊಟ್ಟದ್ದನ್ನು ಕೊಟ್ಟ ಹಾಗೇ ತೋರಿಸಿದವನು ಪ್ರಾಮಾಣಿಕ ಎಂಬುದು ಅವುಗಳ ತಿರುಳು. ಹೀಗೆ ಹೇಳುವವರಲ್ಲಿ ನಾನು ಗೌರವಿಸುವ ಹಿರಿಯ ಛಾಯಾಗ್ರಾಹಕರೂ ಇದ್ದಾರೆ. ಹಾಗಾಗಿ ನಕ್ಕು ಸುಮ್ಮನಾಗುವ ಬದಲು ಒಂದೊಂದಾಗಿ ಉತ್ತರಿಸುತ್ತೇನೆ.

"ಕ್ಯಾಮೆರಾದಿಂದ ಬಂದದ್ದೇ ಸತ್ಯ" ಎಂಬುದು ಮೊದಲ ಮಾತು. ಕ್ಯಾಮೆರಾ ಪರದೆಯ ಮೇಲೆ ಮೂಡುವ ಜೆಪೆಗ್ ಆಗಲೇ ತಿದ್ದುಪಡಿಯಾಗಿ ಬಂದ ಚಿತ್ರ. 14 ಬಿಟ್‌ನ ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದು ತಿದ್ದದೆ ಉಳಿದ ಫೈಲಿನಲ್ಲಿ, ಪ್ರತಿ ಬಣ್ಣಕ್ಕೆ 16,384 ಹಂತಗಳಿಗೆ ಜಾಗವಿದೆ, 8 ಬಿಟ್‌ನ ಜೆಪೆಗ್‌ನಲ್ಲಿ 256ಕ್ಕೆ ಮಾತ್ರ. ಏನನ್ನು ಎಸೆಯಬೇಕು, ಕಾಂಟ್ರಾಸ್ಟ್ ಎಷ್ಟು ಏರಿಸಬೇಕು, ನೀಲಿಗೆ ಎಷ್ಟು ಕಳೆ ಕೊಡಬೇಕು ಎಂಬುದನ್ನೆಲ್ಲ ಯಾವುದೋ ಕಂಪನಿಯ ಎಂಜಿನಿಯರ್ ಮೊದಲೇ ತೀರ್ಮಾನಿಸಿಟ್ಟಿರುತ್ತಾನೆ. ಆತ ಆಗುಂಬೆಯ ಮಳೆ ಕಂಡವನಲ್ಲ. ಮೊಬೈಲಿನದು ಇನ್ನೊಂದು ಕೈ ಮೇಲು: ನಾವು ಒಮ್ಮೆ ಗುಂಡಿ ಒತ್ತಿದರೆ ಅದು ಹಲವು ಫ್ರೇಮ್‌ಗಳನ್ನು ತೆಗೆದು, ಬೆಸೆದು, ಒಂದೇ ಚಿತ್ರವೆಂಬಂತೆ ಕೈಗಿಡುತ್ತದೆ. ಅದನ್ನು "ಏನೂ ಎಡಿಟ್ ಮಾಡಿಲ್ಲ ಸಾರ್" ಎಂದು ಹೆಮ್ಮೆಯಿಂದ ತೋರಿಸುವವರನ್ನು ಕಂಡಾಗ ಏನು ಹೇಳಬೇಕೋ ತಿಳಿಯದು.

ಇನ್ನು ಬೆಳಕು ಅಳೆಯುವ ಲೈಟ್ ಮೀಟರಿನ ಸಂಗತಿ. ಎದುರಿಗಿರುವುದು ಎಮ್ಮೆಯೋ ಹಿಮವೋ ಅದಕ್ಕೆ ತಿಳಿಯದು. ಸರಾಸರಿಯಲ್ಲಿ ಎಲ್ಲವೂ ನಡುಬೂದು ಎಂದು ನಂಬಿ ಅದು ಲೆಕ್ಕ ಹಾಕುತ್ತದೆ. ಏಪ್ರಿಲ್, ಮೇ ತಿಂಗಳ ಇಳಿಹೊತ್ತಿನಲ್ಲಿ ಬಯಲುಸೀಮೆಯ ಮೇಲೆ ಏಳುವ ಗುಡುಗು ಮೋಡವನ್ನು ನೆನೆಸಿಕೊಳ್ಳಿ. ಹತ್ತು ಕಿಲೋಮೀಟರಿಗೂ ಎತ್ತರ ಬೆಳೆದ ಆ ರಾಶಿ ಬಿಸಿಲನ್ನು ತಡೆದು ನಿಂತಿರುವುದರಿಂದ ಅದರ ತಳ ಮಸಿಗಪ್ಪು. ಚೌಕಟ್ಟಿನ ತುಂಬ ಅದನ್ನೇ ತುಂಬಿಸಿದರೆ ಮೀಟರ್ ಅದನ್ನು ಸಪ್ಪೆ ಬೂದಿಗೆ ಇಳಿಸುತ್ತದೆ. ಕೆಳಗಿನ ಹೊಲವನ್ನೂ ಸೇರಿಸಿದರೆ ಹೊಲಕ್ಕೆ ತಕ್ಕ ಬೆಳಕನ್ನು ಒಳಬಿಟ್ಟು ಮೋಡದ ಅಂಚನ್ನು ಬಿಳಿ ಕಾಗದ ಮಾಡುತ್ತದೆ. ಕಣ್ಣು ಕಂಡದ್ದು ಇವೆರಡೂ ಅಲ್ಲ. ಅದು ಹೊಲದ ಮೇಲೆ ಹರಿದಾಗ ಹೊಲಕ್ಕೆ, ಮೋಡದ ಮೇಲೆ ಹರಿದಾಗ ಮೋಡಕ್ಕೆ ಹೊಂದಿಕೊಂಡಿರುತ್ತದೆ. ಅದಕ್ಕೇ ಬಲ್ಲವರು ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಿ, ಮೋಡದ ಹೊಳಪು ಕೈತಪ್ಪದಷ್ಟಕ್ಕೆ ಎಕ್ಸ್‌ಪೋಷರ್ ತಗ್ಗಿಸಿ ರಾ ಫೈಲಿನಲ್ಲಿ ತೆಗೆದು, ನೆಲದ ನೆರಳನ್ನು ಆಮೇಲೆ ಎತ್ತುತ್ತಾರೆ. ಪೂರ್ತಿ ಬೆಳ್ಳಗಾಗಿಹೋದ ಕಡೆ ಮಾಹಿತಿಯೇ ಉಳಿದಿರುವುದಿಲ್ಲ, ಯಾವ ಸ್ಲೈಡರೂ ಅದನ್ನು ಹುಟ್ಟಿಸಲಾರದು. ಇಷ್ಟು ಮಾಡಿ ಆ ಕಪ್ಪನ್ನು ಕಪ್ಪಾಗಿಯೇ ಉಳಿಸಿಕೊಂಡವನು ಸುಳ್ಳುಗಾರನೇ?

ಎರಡನೆಯದು ಹಳೆಯ ಕಾಲದ ಹಂಬಲ: "ಫಿಲ್ಮ್ ದಿನಗಳಲ್ಲಿ ಇಂಥ ಆಟ ಇರಲಿಲ್ಲ." ಇತ್ತು. ಫಿಲ್ಮ್‌ಗಿಂತ ಮೊದಲೇ ಇತ್ತು. 1850ರ ದಶಕದ ಕೊಲೋಡಿಯನ್ ನೆಗೆಟಿವ್‌ಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದವು. ನೆಲ ಸರಿಯಾಗಿ ಬರುವ ಹೊತ್ತಿಗೆ ಆಕಾಶ ಸುಟ್ಟು ಬೋಳು ಬಿಳಿಯಾಗುತ್ತಿತ್ತು. ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ ಏನು ಮಾಡಿದರು? ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಪ್ರಿಂಟ್ ಮಾಡಿದರು. 1857ರಲ್ಲಿ ಅವರು ಸೆತ್ ಬಂದರಿನಲ್ಲಿ ತೆಗೆದ, ಮಹಾ ಅಲೆಯ ಹೆಸರಿನಿಂದ ಪ್ರಸಿದ್ಧವಾದ ಚಿತ್ರ ಹಾಗೆ ಹುಟ್ಟಿದ್ದು.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಹೆಸರನ್ನಂತೂ ಈ ಹಿರಿಯರೇ ಹೆಚ್ಚು ಹೇಳುತ್ತಾರೆ. 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ಆಡಮ್ಸ್ ಮೊದಲು ಹಳದಿ ಫಿಲ್ಟರ್ ಹಾಕಿ ತೆಗೆದರು. ಮನಸ್ಸಿಗೆ ಬರಲಿಲ್ಲ. ಗಾಢ ಕೆಂಪು ಫಿಲ್ಟರ್ ಹಾಕಿ ಮತ್ತೆ ತೆಗೆದರು. ಬಂಡೆಯ ಹಿಂದಿನ ನೀಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು. ಆ ಹಗಲಿನಲ್ಲಿ ಕಪ್ಪು ಆಕಾಶ ಇತ್ತೇ ಎಂದು ಯಾರೂ ಕೇಳುವುದಿಲ್ಲ. 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಊರಿನ ಮೇಲೆ ಚಂದ್ರೋದಯವನ್ನು ತೆಗೆಯುವಾಗ ಮೀಟರ್ ಕೈಗೆ ಸಿಗದೆ, ಚಂದ್ರನ ಹೊಳಪು ಎಷ್ಟೆಂಬ ನೆನಪಿನ ಮೇಲೆಯೇ ಎಕ್ಸ್‌ಪೋಷರ್ ಲೆಕ್ಕ ಹಾಕಿದ ಕತೆ ಎಲ್ಲರಿಗೂ ಗೊತ್ತು. ಆಮೇಲಿನದನ್ನು ಮಾತ್ರ ಯಾರೂ ಹೇಳುವುದಿಲ್ಲ. 1948ರಲ್ಲಿ ನೆಗೆಟಿವ್‌ನ ಕೆಳಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದರು. ಮೊದಮೊದಲ ಪ್ರಿಂಟ್‌ಗಳ ಮೇಲಿನ ಆಕಾಶದಲ್ಲಿ ತೆಳು ಮೋಡದ ಎಳೆಗಳು ಕಾಣುತ್ತವೆ. ದಶಕಗಳು ಕಳೆದಂತೆ ಪ್ರಿಂಟ್ ಮಾಡುವಾಗ ಆಕಾಶಕ್ಕೆ ಹೆಚ್ಚು ಬೆಳಕು ಕೊಟ್ಟು ಕಪ್ಪಾಗಿಸುತ್ತ, ಅಂದರೆ ಬರ್ನ್ ಮಾಡುತ್ತ ಮಾಡುತ್ತ ಅವನ್ನು ಕತ್ತಲೆಯಲ್ಲಿ ಮುಳುಗಿಸಿದರು. ನಮ್ಮ ಹಿರಿಯರೂ ಡಾರ್ಕ್‌ರೂಮಿನ ಕೆಂಪು ದೀಪದ ಕೆಳಗೆ ರಟ್ಟಿನ ತುಂಡು ಹಿಡಿದು ಆಕಾಶವನ್ನು ಬರ್ನ್ ಮಾಡಿದವರೇ. ರಟ್ಟು ಹೋಗಿ ಮೌಸ್ ಬಂದಾಗ ಅದೇ ಕೆಲಸ ಪಾಪವಾದದ್ದು ಹೇಗೆ?

"ಹಾಗಾದರೆ ಲೆನ್ಸಿನ ಮುಂದೆ ಫಿಲ್ಟರ್ ಹಾಕಿ, ಕಂಪ್ಯೂಟರ್ ಬೇಡ" ಎನ್ನುವವರಿಗೆ ಚುಟುಕಾಗಿ ಹೇಳುತ್ತೇನೆ. ಪೋಲರೈಸರ್ ಫಿಲ್ಟರ್ ಸೂರ್ಯನಿಂದ 90 ಡಿಗ್ರಿ ದೂರದ ಆಕಾಶವನ್ನು ಹೆಚ್ಚು ಕಪ್ಪಾಗಿಸುತ್ತದೆ, ಉಳಿದ ಕಡೆ ಕಡಿಮೆ. ವೈಡ್ ಲೆನ್ಸಿನಲ್ಲಿ ಒಂದು ಮೂಲೆ ಮಾತ್ರ ಕಡುನೀಲಿಯಾಗಿ ಮಚ್ಚೆಯಂತೆ ಉಳಿಯುತ್ತದೆ. ಅರ್ಧ ಕಪ್ಪಿನ ಗ್ರಾಜುಯೇಟೆಡ್ ಫಿಲ್ಟರಿನ ಗೆರೆ ನೇರ, ನಮ್ಮ ಘಟ್ಟದ ಗೆರೆ ನೇರವಲ್ಲ. ಆಕಾಶದ ಜೊತೆ ಗುಡ್ಡದ ನೆತ್ತಿಯೂ ಕಪ್ಪಾಗುತ್ತದೆ. ಗುಡ್ಡವನ್ನು ಬಿಟ್ಟು ಮೋಡವನ್ನಷ್ಟೇ ಮುಟ್ಟುವ ಕಂಪ್ಯೂಟರಿನ ಮಾಸ್ಕ್ ಇದಕ್ಕಿಂತ ಹೆಚ್ಚು ನಿಜಕ್ಕೆ ಹತ್ತಿರ.

"ಎಲ್ಲ ಲೈಕಿಗಾಗಿ ಮಾಡುವ ನಾಟಕ" ಎಂಬ ಆರೋಪದಲ್ಲಿ ಅರ್ಧ ನಿಜವಿದೆ. ಜುಲೈ ತಿಂಗಳ ಮಲೆನಾಡಿನ ಆಕಾಶಕ್ಕೆ ಅಂಚಿಲ್ಲ, ರಾಶಿಯಿಲ್ಲ. ಒಂದೇ ಹೊದಿಕೆ, ಅದರ ಕೆಳಗೆ ಮರದ ತಲೆ ಸವರಿ ಓಡುವ ಚೂರು ಮೋಡ. ಅದರ ಮೇಲೆ ಕಾಂಟ್ರಾಸ್ಟ್ ಏರಿಸುವ ಕ್ಲಾರಿಟಿ, ಡೀಹೇಜ್ ಸ್ಲೈಡರುಗಳನ್ನು ಕೊನೆಯವರೆಗೆ ಎಳೆದು ಪ್ರಳಯ ಬರಿಸುವವರಿದ್ದಾರೆ. ಗುಡ್ಡದ ಅಂಚಿಗೆ ಬಿಳಿ ಹೇಲೊ ಮೆತ್ತಿಕೊಂಡಿರುತ್ತದೆ. ಅದು ನೋಡದೇ ಮಾಡಿದ ಕೆಲಸ, ನಾನದನ್ನು ಸಮರ್ಥಿಸುವುದಿಲ್ಲ. ಆದರೆ ಆಕಾಶವೇ ಗಿಮಿಕ್ ಎನ್ನುವವರು ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1922ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೋಡಗಳನ್ನು ತೆಗೆದದ್ದನ್ನು ನೋಡಲಿ. ಅವರ ಚಿತ್ರಗಳ ಶಕ್ತಿಯೆಲ್ಲ ಎದುರು ಕೂತ ವ್ಯಕ್ತಿಗಳನ್ನು ಮರುಳು ಮಾಡಿದ್ದರಿಂದ ಬಂದದ್ದು ಎಂಬ ಟೀಕೆ ಎದ್ದಿತ್ತು. ಎಲ್ಲರಿಗೂ ತೆರಿಗೆಯಿಲ್ಲದೆ ಸಿಗುವ ಮೋಡವನ್ನು ಆರಿಸಿಕೊಂಡದ್ದು ಅದಕ್ಕೆ ಉತ್ತರವಾಗಿ. ಆ ಪ್ರಿಂಟ್‌ಗಳಲ್ಲಿ ಹೆಚ್ಚಿನವು ಅಂಗೈಯಗಲದವು, ಕಣ್ಣು ಕುಕ್ಕಲು ಮಾಡಿದವಲ್ಲ.

ಕೊನೆಯ ಆಕ್ಷೇಪಣೆಯೇ ಗಟ್ಟಿಯಾದದ್ದು: "ಇಷ್ಟಕ್ಕೆ ಒಪ್ಪಿದರೆ, ಆಕಾಶವನ್ನೇ ಬದಲಿಸುವುದಕ್ಕೂ ಒಪ್ಪಬೇಕಲ್ಲ? ಲ ಗ್ರೇ ಮಾಡಿದ್ದೂ ಅದೇ ಅಲ್ಲವೇ?" ಹೌದು, ಒಂದೇ ಮೋಡದ ನೆಗೆಟಿವ್ ಅನ್ನು ಬೇರೆ ಬೇರೆ ಕಡಲಿಗೆ ಅಂಟಿಸಿದ್ದೂ ಉಂಟು. ಅವರ ಗಾಜಿನ ಪ್ಲೇಟಿಗೆ ನೆಲ, ಆಕಾಶ ಎರಡನ್ನೂ ಹಿಡಿಯುವ ತಾಕತ್ತಿರಲಿಲ್ಲ. ನಮ್ಮ ಸೆನ್ಸರಿಗೆ ಇದೆ. 2020ರಲ್ಲಿ ಫೋಟೋಶಾಪಿಗೆ ಸ್ಕೈ ರಿಪ್ಲೇಸ್‌ಮೆಂಟ್ ಬಂದ ಮೇಲೆ ಒಂದು ಕ್ಲಿಕ್ಕಿಗೆ ಬೇರೆ ಆಕಾಶ ಸಿಗುತ್ತದೆ. ಅದರ ಫಲವನ್ನು ಹಂಪಿಯ ಚಿತ್ರಗಳಲ್ಲಿ ನೋಡಬೇಕು. ಮಾತಂಗ ಬೆಟ್ಟದಿಂದ ವಿರೂಪಾಕ್ಷ ಗುಡಿ ಪಶ್ಚಿಮಕ್ಕಿದೆ, ಅದರ ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಗೋಪುರದ ಮುಖದ ಮೇಲೆ ಎಳೆಬಿಸಿಲು ಬಿದ್ದಿದ್ದರೆ ಅದು ಬೆಳಗಿನ ಹೊತ್ತು. ಹಾಗಿದ್ದೂ ಅದರ ಬೆನ್ನಿಗೆ ಸೂರ್ಯ ಮುಳುಗುವ ಕೆಂಡದ ಆಕಾಶ! ಒಂದೇ ಚಿತ್ರದಲ್ಲಿ ಬೆಳಗೂ ಬೈಗೂ. ಸೂರ್ಯೋದಯಕ್ಕೆ ಮುನ್ನ ಅದೇ ಪಶ್ಚಿಮದಲ್ಲಿ ಭೂಮಿಯ ನೆರಳಿನ ಬೂದುನೀಲಿ ಪಟ್ಟಿ, ಅದರ ಮೇಲೊಂದು ಗುಲಾಬಿ ಪಟ್ಟಿ ತಾನಾಗಿ ಮೂಡುತ್ತವೆ. ಕಾದು ಕೂತವರಿಗೆ ಸಿಗುವ ಅದನ್ನು ಅಳಿಸಿ ಇನ್ನೆಲ್ಲಿಯದೋ ಆಕಾಶ ತಂದು ಹಾಕುವುದನ್ನು ನಾನು ಎಡಿಟಿಂಗ್ ಎಂದು ಕರೆಯಲಾರೆ. ಅಲ್ಲಿದ್ದ ಮೋಡ ಎಷ್ಟು ಗಾಢವಾದರೂ ಅಲ್ಲಿಯದೇ.

"ಮೋಡ ಅಲ್ಲಿಯದೇ ಎಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು?" ಕೇಳಿದರೆ ಗೊತ್ತಾಗುತ್ತದೆ. ಬ್ರಿಟನ್ನಿನಲ್ಲಿ ವರ್ಷದ ಲ್ಯಾಂಡ್‌ಸ್ಕೇಪ್ ಛಾಯಾಗ್ರಾಹಕನನ್ನು ಆರಿಸುವ ಸ್ಪರ್ಧೆಯಲ್ಲಿ 2012ರ ವಿಜೇತರ ಪ್ರಶಸ್ತಿ ವಾಪಸಾದಾಗ, ಚಿತ್ರಕ್ಕೆ ಮೋಡಗಳನ್ನು ಸೇರಿಸಿದ್ದೂ ಕಾರಣಗಳಲ್ಲಿ ಒಂದಾಗಿತ್ತು. ಸಲೋನ್ ಎಂದು ಕರೆಯುವ ಛಾಯಾಚಿತ್ರ ಸ್ಪರ್ಧೆಗಳ ನೇಚರ್ ವಿಭಾಗದಲ್ಲಂತೂ ಏನನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ; ಅನುಮಾನ ಬಂದರೆ ಮೂಲ ಫೈಲ್ ಕೇಳುತ್ತಾರೆ. ಆಕ್ಷೇಪಿಸುವ ಹಿರಿಯರೂ ಹಾಗೇ ಮಾಡಲಿ. ಮೋಸಗಾರ ಎನ್ನುವ ಮೊದಲು ರಾ ಫೈಲ್ ಕೇಳಲಿ. ಕೊಡಲು ತಡವರಿಸಿದವನನ್ನು ಆಮೇಲೆ ಏನು ಬೇಕಾದರೂ ಅನ್ನಲಿ.