ಹೊಗೆಗೆ ಸಾಕ್ಷಿ ಯಾರು?

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಬೀಡಿ ಸಿಗರೇಟುಗಳ ವಿಷಯದಲ್ಲಿ ಈ ಪಾಠ ತಲೆಕೆಳಗಾಗುತ್ತದೆ. ಬೆಂಕಿ ಆರಿದ ಮೇಲೂ, ಸೇದಿದವನು ಎದ್ದುಹೋದ ಮೇಲೂ, ಕಣ್ಣಿಗೆ ಕಾಣದ ಹೊಗೆ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ಉಪ್ಪು ತಿಂದವನು ನೀರು ಕುಡಿಯಬೇಕೆಂಬುದು ಗಾದೆ; ಇಲ್ಲಿ ತಿಂದವನೊಬ್ಬ, ಕುಡಿಯುವವನು ಮತ್ತೊಬ್ಬ.

ಈ ಅನ್ಯಾಯಕ್ಕೆ ಕಾನೂನು ಕುರುಡಾಗಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶಿಸಿತು. 2003ರಲ್ಲಿ ಶಾಸನ ಬಂದಿತು. 2008ರ ಅಕ್ಟೋಬರ್ 2ರಿಂದ ಬಿಗಿಯಾದ ನಿಯಮಗಳು ಜಾರಿಯಾದವು. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು, 200 ರೂಪಾಯಿಯಿದ್ದ ದಂಡದ ಮಿತಿ 1,000 ರೂಪಾಯಿಗೆ ಏರಿತು. ಆದರೆ ಕಾನೂನಿನ ಕಣ್ಣು ಸೇದುವವನ ಬೆರಳನ್ನು ನೋಡುತ್ತದೆಯೇ ಹೊರತು ಸೇದದವನ ಎದೆಯನ್ನಲ್ಲ. 30 ಆಸನಗಳ ಉಪಾಹಾರಗೃಹ, 30 ಕೋಣೆಗಳ ವಸತಿಗೃಹಗಳು ಸೇದುವವರಿಗೆ ಪ್ರತ್ಯೇಕ ಕೋಣೆಯನ್ನು ಇಡಬಹುದು. ಆ ಕೋಣೆಗೆ ನಾಲ್ಕೂ ಕಡೆ ಪೂರ್ಣ ಗೋಡೆಯಿರಬೇಕು, ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು, ಒಳಗಿನ ವಾಯುವಿನ ಒತ್ತಡ ಉಳಿದ ಕಟ್ಟಡಕ್ಕಿಂತ ಕಡಿಮೆಯಿರಬೇಕು ಎನ್ನುತ್ತದೆ ನಿಯಮ. ಗೋಡೆ ಬಾಗಿಲುಗಳನ್ನು ಯಾರಾದರೂ ನೋಡಿ ಹೇಳಬಹುದು. ಒತ್ತಡವನ್ನು ಯಾವ ಅಧಿಕಾರಿ ಬರಿಗಣ್ಣಿನಿಂದ ಕಂಡಾನು? ಆದ್ದರಿಂದಲೇ ಅಳತೆಯ ಪ್ರಶ್ನೆ ಏಳುತ್ತದೆ.

ಅಳೆಯುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಲೇಸರ್ ಕಿರಣವನ್ನು ಹಾಯಿಸಿ, ಗಾಳಿಯಲ್ಲಿ 2.5 ಮೈಕ್ರೋಮೀಟರಿಗಿಂತ ಸಣ್ಣದಾದ ಕಣಗಳೆಷ್ಟೆಂದು ಕ್ಷಣಕ್ಷಣಕ್ಕೂ ತಿಳಿಸುವ ಕೈಯಳತೆಯ ಯಂತ್ರ. ಎರಡನೆಯದು, ಸೋಡಿಯಂ ಬೈಸಲ್ಫೇಟ್ ಸವರಿದ ಸೋಸುಕಾಗದವನ್ನು ಕೋಣೆಯಲ್ಲಿ ಕೆಲವು ದಿನ ತೂಗಬಿಟ್ಟು, ಅದು ಹಿಡಿದಿಟ್ಟ ನಿಕೋಟಿನ್ ಎಷ್ಟೆಂದು ಪ್ರಯೋಗಶಾಲೆಯಲ್ಲಿ ನೋಡುವುದು. ಮೂರನೆಯದು, ದೇಹವು ನಿಕೋಟಿನನ್ನು ಮಾರ್ಪಡಿಸಿ ಮಾಡುವ ಕೋಟಿನಿನ್ ಎಂಬ ದ್ರವ್ಯವನ್ನು ಎಂಜಲಿನಲ್ಲೋ ಮೂತ್ರದಲ್ಲೋ ಹುಡುಕುವುದು. ಹಿಂದಿನ ಎರಡು ಮೂರು ದಿನಗಳ ಉಸಿರಿನ ಲೆಕ್ಕ ಅದರಲ್ಲಿರುತ್ತದೆ.

ಕಾರವಾರ ಅಂಕೋಲೆಗಳಂಥ ಕಡಲೂರುಗಳಲ್ಲಿ ಈ ಆಯ್ಕೆ ಸುಲಭವಲ್ಲ. ಮಳೆಗಾಲದಲ್ಲಿ ಕಿಟಕಿಗಳು ಮುಚ್ಚುತ್ತವೆ. ಹೊಗೆ ಒಳಗೇ ಉಳಿಯುವ ಕಾಲ ಅದೇ. ಆದರೆ ಲೇಸರ್ ಯಂತ್ರ ದಾರಿ ತಪ್ಪುವ ಕಾಲವೂ ಅದೇ. ತೇವ ಹೆಚ್ಚಾದಾಗ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಯಂತ್ರ ಇರುವುದಕ್ಕಿಂತ ಹೆಚ್ಚನ್ನು ತೋರಿಸುತ್ತದೆ. ಇದಕ್ಕೆ ಕಡಲಗಾಳಿಯ ಉಪ್ಪು, ಒಲೆಯ ಸೌದೆಯ ಹೊಗೆ, 66ನೆಯ ಹೆದ್ದಾರಿಯ ಲಾರಿಗಳ ಹೊಗೆ ಬೇರೆ. ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸುವ ದೋಷವನ್ನು ನಮ್ಮ ತಾರ್ಕಿಕರು ಶತಮಾನಗಳ ಹಿಂದೆಯೇ ಗುರುತಿಸಿದ್ದರು. ಹೊಸ ಯಂತ್ರವೂ ಅದೇ ಹಳ್ಳಕ್ಕೆ ಬೀಳಬಲ್ಲದು. ಸೌದೆಯ ಹೊಗೆಯಲ್ಲಾಗಲಿ ಲಾರಿಯ ಹೊಗೆಯಲ್ಲಾಗಲಿ ನಿಕೋಟಿನ್ ಇಲ್ಲ. ಆದುದರಿಂದ ಕರಾವಳಿಯಲ್ಲಿ ನಂಬತಕ್ಕ ಸಾಕ್ಷಿ, ನಿಧಾನವಾಗಿಯಾದರೂ ನಿಜ ನುಡಿಯುವ ಆ ಸೋಸುಕಾಗದವೇ.

ಸಂಖ್ಯೆ ಕೈಗೆ ಬಂದ ಮೇಲೆ ಇನ್ನೊಂದು ಅಪಾಯ ಕಾದಿರುತ್ತದೆ. ಸೂಕ್ಷ್ಮಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ದಿನದ ಸರಾಸರಿ ಘನಮೀಟರಿಗೆ 15 ಮೈಕ್ರೋಗ್ರಾಂ; ಹೊರಗಾಳಿಗೆ ಭಾರತ 2009ರಲ್ಲಿ ಗೊತ್ತುಪಡಿಸಿದ್ದು 60. ನಮ್ಮ ಕೋಣೆ ಮಿತಿಯೊಳಗಿದೆಯೆಂದು ಮಾಲೀಕನು ಈ ಅಂಕಿಯನ್ನೇ ಗುರಾಣಿಯಾಗಿ ಹಿಡಿಯಬಹುದು. ಪರರ ಹೊಗೆಗೆ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲವೆಂದು ಅಮೆರಿಕದ ಸರ್ಜನ್ ಜನರಲ್ ವರದಿ 2006ರಲ್ಲಿ ಸಾರಿತು. ಹಾಗಾದರೆ ಅಳೆಯುವುದೇಕೆ? ಅನುಮತಿ ಕೊಡುವುದಕ್ಕಲ್ಲ, ಸಾಕ್ಷಿ ನುಡಿಸುವುದಕ್ಕೆ. ಗಿರಾಕಿ ಅರ್ಧ ಗಂಟೆ ಕುಳಿತು ಹೋಗುತ್ತಾನೆ. ಮಾಣಿ ದಿನವಿಡೀ ಅಲ್ಲೇ ಉಸಿರಾಡುತ್ತಾನೆ. ಧಣಿಯೆದುರು ದೂರು ಹೇಳಲಾರದ ಅವನ ಪರವಾಗಿ ಮಾತಾಡಬಲ್ಲದ್ದು ಆ ಸಂಖ್ಯೆಯೊಂದೇ.

ಮನೆಯ ಹೊಸ್ತಿಲನ್ನಂತೂ ಈ ಕಾನೂನು ದಾಟುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇಕಡಾ 38.7 ಮಂದಿ ಮನೆಯಲ್ಲಿಯೇ ಪರರ ಹೊಗೆಗೆ ಗುರಿಯಾಗಿದ್ದರು. ಜಪಾನಿನ ತಕೇಶಿ ಹಿರಾಯಾಮ 91,540 ಮಂದಿ ಸೇದದ ಗೃಹಿಣಿಯರನ್ನು 14 ವರ್ಷ ಗಮನಿಸಿ, ಹೆಚ್ಚು ಸೇದುವವರ ಹೆಂಡಿರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು 1981ರಲ್ಲಿ ತೋರಿಸಿದರು. ಅವರ ಅಳತೆಗೋಲು ಗಂಡ ಸೇದುವ ಸಿಗರೇಟಿನ ಲೆಕ್ಕವಷ್ಟೆ. ಅಷ್ಟರಿಂದಲೇ ಲೋಕದ ಕಣ್ಣು ತೆರೆಯಿತು.

ಕಾರವಾರದಲ್ಲಿ ವೈದ್ಯಕೀಯ ಕಾಲೇಜಿದೆ. ಎರಡೂ ಊರುಗಳಲ್ಲಿ ವಿಜ್ಞಾನ ಓದುವ ತರುಣರಿದ್ದಾರೆ. ಬಸ್‌ನಿಲ್ದಾಣದ ಬಳಿಯ ಖಾನಾವಳಿಯಲ್ಲಿ, ಬಾರಿನಲ್ಲಿ, ವಸತಿಗೃಹದ ಮೊಗಸಾಲೆಯಲ್ಲಿ ಮಳೆಗಾಲಕ್ಕೊಮ್ಮೆ, ಬೇಸಗೆಗೊಮ್ಮೆ ಸೋಸುಕಾಗದವನ್ನು ತೂಗಬಿಟ್ಟು, ಬಂದ ಫಲವನ್ನು ನಗರಸಭೆ ಪುರಸಭೆಗಳ ಮುಂದಿಡುವುದು ಅಸಾಧ್ಯವೇನಲ್ಲ. ಧೂಮಪಾನ ನಿಷೇಧದ ಫಲಕ ಗೋಡೆಯ ಮೇಲಿದ್ದರೆ ಸಾಲದು. ಆ ಗೋಡೆಯೊಳಗಿನ ಗಾಳಿ ಅದನ್ನು ಪಾಲಿಸುತ್ತಿದೆಯೇ ಎಂಬುದೂ ಊರಿಗೆ ತಿಳಿಯಬೇಕು.