ಹಳೆಯ ಯಂತ್ರ, ಹೊಸ ಆಟ

ಹೊಸ ವಿಡಿಯೋ ಗೇಮ್ ಯಂತ್ರ ಬೇಕೆಂದು ಹಟ ಹಿಡಿದ ಮಕ್ಕಳು ಸಾಮಾನ್ಯವಾಗಿ ಹೇಳುವ ಮಾತು: ‘ಹಳೆಯದರಲ್ಲಿ ಗ್ರಾಫಿಕ್ಸ್ ಚೆನ್ನಾಗಿಲ್ಲ.’ ಇದರಲ್ಲಿ ಹುರುಳೆಷ್ಟು?

ನಿಂಟೆಂಡೊ ಕಂಪನಿಯ ‘ಸ್ವಿಚ್’ ಬಂದದ್ದು 2017ರಲ್ಲಿ. ಅದರ ಚಿಪ್ ಆಗಲೇ ಎರಡು ವರ್ಷ ಹಳೆಯದು. ಆರು ವರ್ಷಗಳ ಬಳಿಕ, 2023ರ ಮೇ ತಿಂಗಳಲ್ಲಿ, ಅದೇ ಯಂತ್ರಕ್ಕೆ ಜೆಲ್ಡಾ ಸರಣಿಯ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಬಂತು. ತೆರೆಯ ಮೇಲೆ ಸೆಕೆಂಡಿಗೆ ಮೂಡುತ್ತಿದ್ದ ಚಿತ್ರಗಳು ಹೆಚ್ಚೆಂದರೆ 30; ಗದ್ದಲದ ದೃಶ್ಯಗಳಲ್ಲಿ ಇನ್ನೂ ಕಡಿಮೆ. ಆದರೂ ಮೂರೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾದವು. ಹಲಗೆ, ಚಕ್ರ, ಫ್ಯಾನುಗಳನ್ನು ಅಂಟಿಸಿ ತನಗೆ ತೋಚಿದ ವಾಹನ ಕಟ್ಟುತ್ತ ಕುಳಿತವನಿಗೆ ಹುಲ್ಲಿನ ಎಸಳು ಎಣಿಸಲು ಪುರುಸೊತ್ತೆಲ್ಲಿ?

ಹಾಗೆಂದು ಯಂತ್ರದ ಶಕ್ತಿ ಲೆಕ್ಕಕ್ಕೇ ಇಲ್ಲವೆನ್ನುವಂತಿಲ್ಲ. 2020ರ ಡಿಸೆಂಬರಿನಲ್ಲಿ ಬಂದ ‘ಸೈಬರ್‌ಪಂಕ್ 2077’ (ಇದು ದೊಡ್ಡವರ ಆಟ, ಮಕ್ಕಳಿಗಲ್ಲ) 2013ರ ಪ್ಲೇಸ್ಟೇಷನ್ 4ರಲ್ಲಿ ತಡವರಿಸಿತು, ನಡುನಡುವೆ ನಿಂತೇಹೋಯಿತು. ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದು, ಕೊಂಡವರಿಗೆ ಹಣ ಮರಳಿಸಲು ಒಪ್ಪಿತು. ಅಂದಗೆಟ್ಟದ್ದು ಸಣ್ಣ ಮಾತು. ಬೆರಳಿಗೂ ತೆರೆಗೂ ಇರುವ ನಂಟೇ ಕಡಿದರೆ ಆಡುವುದಾದರೂ ಏನನ್ನು?

ದುಡ್ಡು ತೆಗೆಯುವ ಮುನ್ನ ಅಪ್ಪ-ಅಮ್ಮ ಹತ್ತು ನಿಮಿಷ ಮಗುವಿನ ಪಕ್ಕ ಕುಳಿತು ನೋಡಬಹುದು: ಗುಂಡಿ ಒತ್ತಿದ ಕೂಡಲೇ ಪಾತ್ರ ಜಿಗಿಯುತ್ತದೆಯೇ?